ಹಗೇವು ಮತ್ತು ನೆಲಮಾಳಿಗೆಗಳಿಗೆ ಒಸರು ನೀರು ಬಾರದಂತೆ ತಡೆಯುವ ಕಲ್ಲು ಬಸಿಗಾಲುವೆ

ಕುಣಿಗಲ್ ಸೀಮೆಯ ಬೇಸಾಯಗಾರನಿಗೆ ರಾಗಿಯು ಬಹುಕಾಲದಿಂದ ಮನೆಯ ಆಧಾರವಾಗಿ ಬಂದಿರುವುದು. ಕಾರ್ತಿಕ ಮಾರ್ಗಶಿರ ಮಾಸಗಳಲ್ಲಿ ಕೊಯ್ದ ಪೈರನ್ನು ಮೆದೆಯೊಟ್ಟಿ, ಸಂಕ್ರಾಂತಿಯ ಹಿಂದುಮುಂದಿನಲ್ಲಿ ಕಣ ಮಾಡಿ, ತೂರಿ ಒಣಗಿಸಿದ ಕಾಳನ್ನು ಪೂರ್ವಿಕರು ಹಗೇವಿನಲ್ಲಿ ತುಂಬಿಡುತ್ತಿದ್ದರು. ಗಟ್ಟಿಯಾದ ಗರಸು ನೆಲವನ್ನು ಆರಿಸಿಕೊಂಡು, ಒಬ್ಬ ಆಳು ಇಳಿಯುವಷ್ಟು ಮಾತ್ರ ಬಾಯಿ ಬಿಟ್ಟು, ಒಳಗೆ ಗುಡಾಣದಂತೆ ಹೊಟ್ಟೆಯನ್ನು ಅಗಲಿಸಿ ತೋಡಿ, ಸುತ್ತಲೂ ಹುಲ್ಲನ್ನು ಒತ್ತಾಗಿ ಹೊಂದಿಸಿ, ರಾಗಿಯನ್ನು ಸುರಿದ ಮೇಲೆ ಚಪ್ಪಡಿಯಿಂದ ಬಾಯಿ ಮುಚ್ಚಿ ಮಣ್ಣು ಮೆತ್ತುವುದು ಅದರ ಕ್ರಮ. ಒಳಗೆ ತೇವವಿಲ್ಲದ ಪಕ್ಷದಲ್ಲಿ ಕಾಳು ಅನೇಕ ವರ್ಷ ಹುಳು ಹಿಡಿಯದೆ ನಿಲ್ಲುತ್ತಿತ್ತು. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ತೀರಿಸಿಬಿಡುವುದರಿಂದ ಹುಳುವು ತಾನೇ ಸಾಯುವುದೇ ಇದಕ್ಕೆ ಕಾರಣ.

ಇಂತಹ ಹಗೇವುಗಳು ಇಂದು ಬಹುಮಟ್ಟಿಗೆ ಬಳಕೆ ತಪ್ಪಿವೆ. ಅವುಗಳ ಸ್ಥಳಕ್ಕೆ ಗೋಣಿಚೀಲಗಳೂ ತಗಡಿನ ಕಣಜಗಳೂ ಬಂದಿವೆ. ಇಳಿಜಾರು ನಿವೇಶನಗಳಲ್ಲಿ ಹೊಸದಾಗಿ ಏಳುವ ಮನೆಗಳಿಗೆ ನೆಲಮಾಳಿಗೆಯನ್ನು ಕಟ್ಟಿ, ಅದರಲ್ಲಿ ರಾಗಿಯ ಮೂಟೆ, ಗೊಬ್ಬರದ ಚೀಲ, ತೆಂಗಿನಕಾಯಿ, ಪಂಪಿನ ಸಾಮಾನು ಮೊದಲಾದುವನ್ನು ಇಡುವುದೂ ಉಂಟು. ರೂಪ ಬದಲಾದರೂ ತೊಂದರೆ ಬದಲಾಗಿಲ್ಲ. ಹುಬ್ಬೆ ಉತ್ತರೆ ಮಳೆಗಳು ಹಿಡಿದು ಸುರಿದ ವರ್ಷ ಗೋಡೆಯ ಬುಡದಲ್ಲಿ ಮೊದಲು ಕಪ್ಪಗೆ ತೇವ ಕಾಣುವುದು; ಹಸ್ತೆ ಚಿತ್ತೆಗಳ ಹೊತ್ತಿಗೆ ನೀರು ಜಿನುಗುವುದು; ಸ್ವಾತಿಯ ವೇಳೆಗೆ ಪಾದ ಮುಳುಗುವಷ್ಟು ನಿಲ್ಲುವುದು. ಕಾಳು ಕೆಡದಿರಬೇಕಾದರೆ ಅದರಲ್ಲಿ ನೀರಿನ ಅಂಶ ನೂರಕ್ಕೆ 12 ಪಾಲಿಗಿಂತ ಹೆಚ್ಚಾಗಿರಬಾರದು. ನೆಲದ ಒಸರಿಗೆ ತಗಲಿದ ಮೂಟೆಯು ಕೆಲವೇ ದಿವಸಗಳಲ್ಲಿ ಈ ಮಿತಿಯನ್ನು ಮೀರಿ, ಮುಗ್ಗುಲು ವಾಸನೆ ಹತ್ತಿ, ಬೂಷ್ಟು ಹಿಡಿಯುವುದು. ಬೂಷ್ಟು ಹಿಡಿದ ರಾಗಿಯನ್ನು ತೊಳೆದು ಒಣಗಿಸಿದರೂ ಅದರ ವಿಷವು ಪೂರ್ತಿಯಾಗಿ ಹೋಗತಕ್ಕದ್ದಲ್ಲ. ದನಕ್ಕೆ ಹಾಕುವುದೂ ಕ್ಷೇಮವಲ್ಲ.

ಕಾಳಿನ ನಷ್ಟಕ್ಕಿಂತ ದೊಡ್ಡ ಅಪಾಯವೊಂದು ಇಲ್ಲಿ ಇದೆ. ತೇವಗೊಂಡ ಕಾಳು ಒಣಕಾಳಿಗಿಂತ ಬಹಳ ಹೆಚ್ಚಾಗಿ ಉಸಿರಾಡಿ ಇಂಗಾಲಾಮ್ಲ ವಾಯುವನ್ನು ಬಿಡುವುದು. ಈ ವಾಯುವು ಸಾಧಾರಣ ಗಾಳಿಗಿಂತ ಭಾರವಾದುದರಿಂದ ಹಗೇವಿನ ಹೊಟ್ಟೆಯಲ್ಲಿಯೇ ಕೂತಿರುವುದು. ನೀರು ಬಿದ್ದಿತೆಂದು ಗಾಬರಿಯಾಗಿ ಬಾಯಿ ತೆರೆದ ಕೂಡಲೆ ಆಳನ್ನು ಇಳಿಸಿದರೆ ಅವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುವನು. ಅವನನ್ನು ಎತ್ತಲು ಧುಮುಕಿದವನೂ ಅಲ್ಲಿಯೇ ಉಳಿಯುವನು. ಹಿಂದಿನವರು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಕೂಡದೆಂಬುದು ನಿಶ್ಚಯ. ಆದರೆ ದೀಪ ಉರಿದ ಮಾತ್ರಕ್ಕೆ ಇಳಿಯಬಹುದೆಂದು ತಿಳಿಯುವುದು ತಪ್ಪು. ಹಗೇವಿನ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಬೀಸುವ ಯಂತ್ರದಿಂದ ತಳದವರೆಗೆ ಹೊಸ ಗಾಳಿಯನ್ನು ತುಂಬಿ, ಇಳಿಯುವವನ ಎದೆಗೆ ಹಗ್ಗ ಬಿಗಿದು, ಮೇಲೆ ಇಬ್ಬರು ಹಗ್ಗ ಹಿಡಿದಿದ್ದ ಹೊರತು ಯಾರನ್ನೂ ಇಳಿಸಕೂಡದು. ಹಾಗೆ ಇಳಿದವನಿಗೆ ಕೆಳಗೆ ಏನಾದರೂ ಆದರೆ ಹಗ್ಗದಿಂದಲೇ ಎಳೆಯಬೇಕೇ ಹೊರತು ಮತ್ತೊಬ್ಬನು ಇಳಿಯಬಾರದು. ಒಸರನ್ನು ಹೊರಗಡೆಯೇ ತಡೆದುಬಿಟ್ಟರೆ, ಮಳೆಗಾಲದಲ್ಲಿ ಗಾಬರಿಯಿಂದ ಹಗೇವಿಗೆ ಇಳಿಯಬೇಕಾದ ಸಂದರ್ಭವೇ ಬಾರದು.

ಈ ನೀರು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ತಿಳಿಯುವುದು ಅವಶ್ಯ. ಕುಣಿಗಲ್, ಗುಬ್ಬಿ, ತುಮಕೂರು ಕಡೆಯ ಏರುನೆಲಗಳಲ್ಲಿ ಮೇಲೆ ಕೆಂಪು ಮರಳುಗೋಡು ಮಣ್ಣೂ, ಅದರ ಕೆಳಗೆ ಬಂಡೆ ಕೊಳೆತು ಆದ ಗಟ್ಟಿ ಗರಸೂ, ಅದರ ಕೆಳಗೆ ಬಂಡೆಯೂ ಇರುವುದು ಸಾಮಾನ್ಯ. ಕೆಂಪು ಮಣ್ಣು ನೀರನ್ನು ಬೇಗ ಕುಡಿಯುವುದು. ಗರಸು ನಿಧಾನವಾಗಿ ಕುಡಿಯುವುದು. ಆದಕಾರಣ ಮಳೆಯ ನೀರು ನೆಟ್ಟಗೆ ಕೆಳಕ್ಕೆ ಇಳಿದು ಗರಸನ್ನು ಮುಟ್ಟಿದೊಡನೆ ಅದರ ಬೆನ್ನ ಮೇಲೆ ಇಳಿಜಾರಿನ ಕಡೆಗೆ ಅಡ್ಡಲಾಗಿ ನಡೆಯಲಾರಂಭಿಸುವುದು. ಮೇಲಿನಿಂದ ನೋಡುವವರಿಗೆ ಅಂಗಳ ಒಣಗಿದಂತೆಯೇ ಕಾಣಬಹುದು. ಮೂರು ನಾಲ್ಕು ಅಡಿ ಕೆಳಗೆ ನೀರಿನ ಹಾಳೆಯೊಂದು ಹರಿಯುತ್ತಲೇ ಇರುವುದು. ದಾರಿಯಲ್ಲಿ ಹಗೇವಿನ ಕತ್ತೋ ನೆಲಮಾಳಿಗೆಯ ಗೋಡೆಯೋ ಅಡ್ಡ ಬಂದರೆ ಆ ನೀರು ಅಲ್ಲಿಯೇ ನಿಂತು, ಏರಿ, ಸಂದಿನಲ್ಲಿ ಒಳಗೆ ನುಗ್ಗುವುದು. ಮಳೆ ನಿಂತು ಮೂರು ನಾಲ್ಕು ದಿವಸಗಳಾದ ಮೇಲೆ ಒಸರು ಹೆಚ್ಚಾಗುವುದೇಕೆಂದು ಅನೇಕರು ಆಶ್ಚರ್ಯಪಡುವರು. ಮೇಲಿನ ಹೊಲದ ನೀರು ಮಣ್ಣಿನೊಳಗೆ ನಡೆದು ಮನೆಯನ್ನು ಸೇರುವುದಕ್ಕೆ ಅಷ್ಟು ಕಾಲ ಹಿಡಿಯುವುದೆಂಬುದೇ ಅದರ ಉತ್ತರ.

ಇದನ್ನು ತಿಳಿಯದೆ ಬಹುಜನರು ಒಳಗೋಡೆಗೆ ಸಿಮೆಂಟು ಗಾರೆಯನ್ನೂ ನೀರು ತಡೆಯುವುದೆಂದು ಮಾರುವ ಬಣ್ಣವನ್ನೂ ಬಳಿಸಿ ಹಣ ಕಳೆದುಕೊಳ್ಳುವರು. ಗೋಡೆಯ ಹಿಂದೆ ಒಂದು ಅಡಿ ಎತ್ತರಕ್ಕೆ ನೀರು ನಿಂತರೆ ಬುಡದಲ್ಲಿ ಪ್ರತಿ ಚದರಡಿಗೆ ಸುಮಾರು 28 ಕಿಲೋಗ್ರಾಂ ಒತ್ತಡ ಬೀಳುವುದು. ಐದು ಅಡಿ ನಿಂತರೆ 140 ಕಿಲೋಗ್ರಾಂ. ಇಷ್ಟನ್ನು ಒಳಗಿನಿಂದ ಮೆತ್ತಿದ ಅರ್ಧ ಅಂಗುಲದ ಗಾರೆ ಎಷ್ಟು ಕಾಲ ತಡೆದೀತು? ಮೊದಲ ವರ್ಷ ತಡೆದರೂ ಎರಡನೆಯ ವರ್ಷ ಗಾರೆಯು ಹೆಕ್ಕಳಿಕೆಯಾಗಿ ಏಳುವುದು. ಕೆಲವೆಡೆ ಗಾರೆ ನಿಂತು ಗೋಡೆಯೇ ಒಳಕ್ಕೆ ಬಾಗುವುದೂ ಉಂಟು, ಮತ್ತು ಇದು ಹೆಚ್ಚು ಕೆಟ್ಟದ್ದು. ನೀರನ್ನು ಗೋಡೆಯಲ್ಲಿ ತಡೆಯಲು ಹೋಗದೆ, ಗೋಡೆಯನ್ನು ಮುಟ್ಟುವುದಕ್ಕೆ ಮುಂಚೆಯೇ ಮಣ್ಣಿನಲ್ಲಿ ಹಿಡಿದು ಬೇರೆ ಕಡೆಗೆ ಕಳುಹಿಸುವುದೇ ಸರಿಯಾದ ಉಪಾಯ. ಇದಕ್ಕೆ ಕಲ್ಲು ತುಂಬಿದ ಬಸಿಗಾಲುವೆ ಸಾಧನ.

ಪರದೇಶಗಳಲ್ಲಿ ಇದನ್ನು ಫ್ರೆಂಚ್ ಡ್ರೈನ್ ಎಂದು ಕರೆಯುವರು. ಹೆಸರನ್ನು ಕೇಳಿದವರು ಇದು ಫ್ರಾನ್ಸ್ ದೇಶದ್ದೆಂದು ಭಾವಿಸುವುದು ಸಹಜವಾದರೂ ನಿಜಸಂಗತಿ ಬೇರೆ. ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ನ್ಯಾಯವಾದಿಯೂ ಬೇಸಾಯಗಾರನೂ ಆದ ಮಹನೀಯನು 1859ರಲ್ಲಿ ಹೊಲಗಳ ನೀರು ಬಸಿಯುವಿಕೆಯನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಮುಂದೆ ಮ್ಯಾಸಚೂಸೆಟ್ಸ್ ವ್ಯವಸಾಯ ಕಾಲೇಜಿನ ಪ್ರಥಮ ಅಧ್ಯಕ್ಷನಾದವನೂ ಇವನೇ. ಜೌಗು ಹೊಲವನ್ನು ಬೆಳೆಗೆ ತರುವ ಉಪಾಯವು ಹೀಗೆ ಮನೆಯ ನೆಲಮಾಳಿಗೆಗೂ ಬಂದಿತು. ಗುಬ್ಬಿ ತುಮಕೂರು ಕಡೆಯ ಅಡಕೆ ತೋಟದವರಿಗೆ ಇದರ ತತ್ವವು ಹೊಸದಲ್ಲ. ತೋಟದ ಸಾಲುಗಳ ನಡುವೆ ಬಸಿಗಾಲುವೆ ತೆಗೆಯದಿದ್ದರೆ ಮರದ ಬೇರು ಕೊಳೆಯುವುದೆಂಬುದನ್ನು ಅವರು ತಲೆಮಾರುಗಳಿಂದ ಬಲ್ಲರು. ಮನೆಯ ಪಕ್ಕದಲ್ಲಿ ತೆರೆದ ಕಾಲುವೆ ಇಟ್ಟುಕೊಳ್ಳುವುದು ಸಾಧ್ಯವಿಲ್ಲದ್ದರಿಂದ ಅದೇ ಕಾಲುವೆಯನ್ನು ಕಲ್ಲು ತುಂಬಿ ಮುಚ್ಚುವುದಷ್ಟೇ ಇಲ್ಲಿನ ವಿಶೇಷ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಮಳೆಗಾಲವನ್ನು ನೋಡುವುದರಲ್ಲಿ ಕಳೆಯುವುದು ಲಾಭಕರ. ಗೋಡೆಯ ಯಾವ ಭಾಗದಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿ ಒಸರು ಮೊದಲು ಕಾಣುವುದೆಂಬುದನ್ನು ಸುಣ್ಣದಿಂದ ಗುರುತು ಹಾಕಿ, ಹೊರಗಡೆ ಅದಕ್ಕೆ ಎದುರಾಗಿ ಗೂಟ ಹೊಡೆಯಬೇಕು. ತೇವವು ಮಣ್ಣಿನಿಂದ ಬರುವುದೋ ಅಥವಾ ಹೊರಗಿನ ಬಿಸಿಗಾಳಿಯ ಆವಿಯು ತಣ್ಣನೆಯ ಗೋಡೆಗೆ ತಗಲಿ ಬೆವರುವುದೋ ಎಂಬ ಸಂದೇಹವಿದ್ದರೆ, ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಚು ಬಿಡದಂತೆ ಅಂಟಿಸಿ ಎರಡು ದಿವಸ ಬಿಡತಕ್ಕದ್ದು. ಹಾಳೆಯ ಹಿಂಬದಿ ನೆನೆದಿದ್ದರೆ ನೀರು ಮಣ್ಣಿನದು. ಮುಂಬದಿ ಮಾತ್ರ ನೆನೆದಿದ್ದರೆ ಗಾಳಿಯದು, ಅದಕ್ಕೆ ಕಿಟಕಿ ಸಾಕು, ಕಾಲುವೆ ಬೇಡ. ಹತ್ತಿರದ ಬಾವಿಯ ನೀರಿನ ಮಟ್ಟವನ್ನೂ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಅಳೆದು ನೋಡಬೇಕು. ಬಾವಿಯ ನೀರು ನೆಲಮಾಳಿಗೆಯ ನೆಲಕ್ಕಿಂತ ಬಹಳ ಕೆಳಗಿದ್ದರೆ ಬರುತ್ತಿರುವುದು ಗರಸಿನ ಮೇಲಿನ ಹರಿವು. ಅದನ್ನು ಬಸಿಗಾಲುವೆ ಸುಲಭವಾಗಿ ತಡೆಯುವುದು. ಬಾವಿಯ ನೀರೇ ನೆಲಮಾಳಿಗೆಯ ಮಟ್ಟಕ್ಕೆ ಏರುವ ಸ್ಥಳವಾದರೆ ಕೆಲಸ ಕಷ್ಟ. ಜನಪದ ಹಾಡಿನಲ್ಲಿ ಹೆಸರಾದ ಕುಣಿಗಲ್ ದೊಡ್ಡಕೆರೆಯಂತಹ ಕೆರೆಗಳ ಏರಿಯ ಕೆಳಗಿನ ನಿವೇಶನಗಳು ಈ ಜಾತಿಗೆ ಸೇರಿದುವು. ಮಳೆಯ ನೀರಲ್ಲದೆ ಹೇಮಾವತಿ ನಾಲೆಯ ನೀರೂ ಕೆರೆಗೆ ಬರುವ ಏರ್ಪಾಡಿರುವುದರಿಂದ, ಮೋಡವಿಲ್ಲದ ದಿನಗಳಲ್ಲಿಯೂ ಅಂತಹ ಕಡೆ ಜೌಗು ಏರಬಹುದು. ಅಲ್ಲಿ ನೆಲಮಾಳಿಗೆಯನ್ನು ಕಟ್ಟದಿರುವುದೇ ಎಲ್ಲಕ್ಕಿಂತ ಅಗ್ಗವಾದ ಉಪಾಯ.

ಇರುವ ಮನೆಗಾದರೆ ಕಾಲುವೆಯನ್ನು ಮನೆಯ ಮೇಲ್ಭಾಗದಲ್ಲಿ, ಅಂದರೆ ಏರು ಇರುವ ಕಡೆ, ಬಿಲ್ಲಿನಂತೆ ಬಾಗಿಸಿ, ಎರಡು ತುದಿಗಳೂ ಮನೆಯನ್ನು ಬಳಸಿ ಇಳಿಜಾರಿನ ಕಡೆಗೆ ಹೋಗುವಂತೆ ತೋಡುವುದು ಸರಿ. ಅಗಲ ಒಂದೂಕಾಲು ಅಡಿ ಸಾಕು. ಆಳವನ್ನು ಅಡಿಲೆಕ್ಕದಲ್ಲಿ ಹೇಳುವಂತಿಲ್ಲ. ಕೆಂಪು ಮಣ್ಣನ್ನು ಪೂರ್ತಿ ಕತ್ತರಿಸಿ ಗರಸಿನೊಳಗೆ ಅರ್ಧ ಅಡಿ ಇಳಿಯುವವರೆಗೆ ತೋಡತಕ್ಕದ್ದು. ಇದರಲ್ಲಿ ಜಿಪುಣತನ ಮಾಡಿ ಮೇಲುಮೇಲೆ ತೋಡಿದರೆ ನೀರು ಕಾಲುವೆಯ ಕೆಳಗೆ ನುಸುಳಿ ಮೊದಲಿನಂತೆಯೇ ಮನೆಗೆ ಬರುವುದು, ಮಾಡಿದ ಖರ್ಚೆಲ್ಲ ವ್ಯರ್ಥ. ಹಗೇವಿನ ವಿಷಯದಲ್ಲಿ ಒಂದು ಅನುಕೂಲವಿದೆ. ಹಗೇವು ಎಷ್ಟು ಆಳವಾಗಿದ್ದರೂ ನೀರು ಒಳಬರುವುದು ಸಾಮಾನ್ಯವಾಗಿ ಕತ್ತಿನ ಹತ್ತಿರ, ಕೆಂಪು ಮಣ್ಣು ಗರಸನ್ನು ಕೂಡುವಲ್ಲಿ. ಆದಕಾರಣ ಕಾಲುವೆಯು ಹಗೇವಿನ ತಳದಷ್ಟು ಆಳ ಹೋಗಬೇಕಾಗಿಲ್ಲ. ಆ ಕೂಡುವ ಸ್ಥಳವನ್ನು ದಾಟಿದರೆ ಸಾಕು.

ಗೋಡೆಯಿಂದ ದೂರವನ್ನು ನಿರ್ಣಯಿಸುವಾಗ ಪಾಯವನ್ನು ನೆನೆಯಬೇಕು. ಕಾಲುವೆಯ ತಳವು ಪಾಯದ ತಳಕ್ಕಿಂತ ಎಷ್ಟು ಅಡಿ ಕೆಳಗೆ ಹೋಗುವುದೋ, ಕಾಲುವೆಯನ್ನು ಪಾಯದಿಂದ ಕನಿಷ್ಠ ಅಷ್ಟು ಅಡಿ ಆಚೆಗೆ ಇಡತಕ್ಕದ್ದು. ಮಣ್ಣುಗೋಡೆಯ ಹಳೆಯ ಮನೆಗಳಿಗೆ ಇನ್ನೂ ದೂರ ಇರುವುದು ಮೇಲು. ಬುಡದ ಮಣ್ಣನ್ನೇ ಕಿತ್ತು ಗೋಡೆಯನ್ನು ಕೆಡವಿಕೊಳ್ಳುವುದಕ್ಕಿಂತ ತೇವವನ್ನು ಸಹಿಸುವುದು ಲೇಸು. ಹೊಸ ಮನೆಯಾದರೆ ಪಾಯ ಎದ್ದ ಕೂಡಲೆ, ಹೊರಮಣ್ಣು ತುಂಬುವುದಕ್ಕೆ ಮುಂಚೆ, ಪಾಯದ ಮಟ್ಟದಲ್ಲಿಯೇ ಸುತ್ತಲೂ ಕಾಲುವೆ ಇಟ್ಟುಬಿಡಬಹುದು. ಆಗ ಬೇರೆಯಾಗಿ ಅಗೆಯುವ ಕೂಲಿ ಉಳಿಯುವುದು. ನಾಲ್ಕೈದು ಅಡಿಗಿಂತ ಆಳವಾದ ಕಾಲುವೆಗೆ ಆಳು ಇಳಿಯುವಾಗ ಎರಡು ಬದಿಗೂ ಹಲಗೆ ಕೊಟ್ಟು ಅಡ್ಡಕಟ್ಟಿಗೆಯಿಂದ ಬಿಗಿಯದೆ ಇದ್ದರೆ ಮಣ್ಣು ಕುಸಿದು ಪ್ರಾಣಾಪಾಯವುಂಟು. ಯಂತ್ರದಿಂದ ಅಗೆಸಿದ ಕಾಲುವೆಗೂ ಇದೇ ಮಾತು.

ಬಸಿಗಾಲುವೆಯ ಇಳಿಜಾರು ನೂರಡಿಗೆ ಒಂದಡಿ ಇರಬೇಕು. ಕಣ್ಣಂದಾಜನ್ನು ನಂಬತಕ್ಕದ್ದಲ್ಲ. ಗಾರೆ ಕೆಲಸದವರ ರಸಮಟ್ಟವು ಗಿಡ್ಡ ಅಳತೆಗೆ ಸರಿ. ಉದ್ದಕ್ಕೆ ಪಾರದರ್ಶಕವಾದ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳ ಮಟ್ಟವನ್ನು ಹೋಲಿಸುವುದು ನಿಖರವಾದುದು. 60 ಅಡಿ ಉದ್ದದ ಕಾಲುವೆಗೆ ಈ ಲೆಕ್ಕದಲ್ಲಿ ಏಳು ಅಂಗುಲಕ್ಕಿಂತ ತುಸು ಹೆಚ್ಚು ಇಳಿತ ಬರುವುದು. ಮಧ್ಯದಲ್ಲಿ ಒಂದು ಕಡೆ ಎರಡಂಗುಲ ತಗ್ಗು ಉಳಿದರೂ ಅಲ್ಲಿ ಹೂಳು ಕೂತು ಕ್ರಮೇಣ ಇಡೀ ಕಾಲುವೆ ಕಟ್ಟಿಕೊಳ್ಳುವುದು.

ತೋಡಿದ ಕಾಲುವೆಯ ತಳಕ್ಕೂ ಎರಡು ಬದಿಗೂ ಜಿಯೋಟೆಕ್ಸ್‌ಟೈಲ್ ಎಂಬ ಸೋಸುಬಟ್ಟೆಯನ್ನು ಹಾಸಿ, ತಳದಲ್ಲಿ ಮೂರು ಅಂಗುಲ ದಪ್ಪಕ್ಕೆ ತೊಳೆದ ಜಲ್ಲಿಯನ್ನು ಹರಡಿ, ಅದರ ಮೇಲೆ ತೂತುಗಳುಳ್ಳ ನಾಲ್ಕು ಅಂಗುಲದ ಪಿ.ವಿ.ಸಿ. ಕೊಳವೆಯನ್ನು ಇಡುವರು. ತೂತುಗಳು ಕೆಳಮುಖವಾಗಿರಬೇಕು. ಮೇಲ್ಮುಖವಾಗಿಟ್ಟರೆ ನೀರು ಬೇಗ ಒಳಹೋಗುವುದೆಂದು ತೋರುವುದಾದರೂ, ಆಗ ಕೊಳವೆಯ ನೆತ್ತಿಯವರೆಗೆ ನೀರು ಏರಿ ನಿಂತ ಮೇಲೆಯೇ ಅದು ಕೆಲಸ ಮಾಡುವುದು. ಕೆಳಮುಖವಾಗಿದ್ದರೆ ನೀರು ಅತಿ ಕೆಳಗಿನ ಮಟ್ಟದಲ್ಲಿಯೇ ಕೊಳವೆಯನ್ನು ಸೇರುವುದು. ಕೊಳವೆಯ ಸುತ್ತಲೂ ಮೇಲೂ 20 ರಿಂದ 40 ಮಿಲಿಮೀಟರಿನ ಜಲ್ಲಿಯನ್ನು ತುಂಬಿ, ಬಟ್ಟೆಯನ್ನು ಮಡಿಸಿ ಮುಚ್ಚಿ, ಕಟ್ಟಕಡೆಯ ಒಂದಡಿಗೆ ಜೇಡಿಮಣ್ಣನ್ನು ಕುಟ್ಟಿ ಗಟ್ಟಿಮಾಡತಕ್ಕದ್ದು. ಮೇಲೆ ಹೇಳಿದ 60 ಅಡಿಯ ಕಾಲುವೆಗೆ ಜಲ್ಲಿ ಮೂರಡಿ ಎತ್ತರವಾದರೆ 225 ಘನ ಅಡಿ, ಅಂದರೆ ವ್ಯಾಪಾರದ ಲೆಕ್ಕದಲ್ಲಿ ಎರಡೂಕಾಲು ಯೂನಿಟ್ಟು ಬೇಕಾಗುವುದು. ಕ್ರಷರಿನ ಪುಡಿ ಬೆರೆತ ಜಲ್ಲಿಯನ್ನು ಅಗ್ಗವೆಂದು ಕೊಳ್ಳಬಾರದು.

ಕೊಳವೆ ದೊರೆಯದಿದ್ದ ಕಾಲದಲ್ಲಿ ದಪ್ಪಕಲ್ಲುಗಳನ್ನು ಗೂಡುಗಟ್ಟಿದಂತೆ ಜೋಡಿಸಿ ಚಪ್ಪಡಿ ಮುಚ್ಚಿ ಅದೇ ಕೆಲಸವನ್ನು ಮಾಡುತ್ತಿದ್ದರು, ಈಗಲೂ ಮಾಡಬಹುದು. ಆದರೆ ಸೋಸುವ ಪದರವನ್ನು ಮಾತ್ರ ಬಿಡಕೂಡದು. ಬಟ್ಟೆಯಿಲ್ಲದ ಪಕ್ಷದಲ್ಲಿ ಮಣ್ಣಿನ ಪಕ್ಕಕ್ಕೆ ದಪ್ಪ ಮರಳು, ಅದರ ಪಕ್ಕಕ್ಕೆ ಸಣ್ಣ ಜಲ್ಲಿ, ನಡುವೆ ದೊಡ್ಡ ಜಲ್ಲಿ, ಹೀಗೆ ಕ್ರಮವಾಗಿ ಏರಿಸಬೇಕು. ಒಂದೊಂದು ಪದರದ ಸಂದುಗಳೂ ಹಿಂದಿನ ಪದರದ ಕಣಗಳನ್ನು ತಡೆಯುವಷ್ಟು ಚಿಕ್ಕವಾಗಿಯೂ ನೀರನ್ನು ಬಿಡುವಷ್ಟು ದೊಡ್ಡವಾಗಿಯೂ ಇರಬೇಕೆಂಬುದು ಇದರ ತತ್ವ. ದೊಡ್ಡ ಅಣೆಕಟ್ಟುಗಳ ಮಣ್ಣೇರಿಯೊಳಗೆ ಇಡುವ ಸೋಸುಪದರಗಳಿಗೂ ಇದೇ ತತ್ವ ಆಧಾರವಾಗಿದ್ದು, ಇದಕ್ಕೆ ಲೆಕ್ಕದ ರೂಪ ಕೊಟ್ಟವನು ಇಂಜಿನಿಯರ್ ಕಾರ್ಲ್ ಟರ್ಜಾಗಿ. ತೆಂಗಿನ ನಾರಿನ ಹೊದಿಕೆಯೂ ಕೆಲವು ವರ್ಷ ಸೋಸುವುದು, ಆದರೆ ಕೊಳೆಯುವುದು. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹರಿದು ಹಾಸುವುದು ಯಾವ ಪ್ರಯೋಜನಕ್ಕೂ ಬಾರದು.

ಸೂರಿನ ನೀರನ್ನು ಎಂದಿಗೂ ಈ ಕಾಲುವೆಗೆ ಬಿಡಬಾರದು. ಸಾವಿರ ಚದರಡಿಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರು ನೀರಾಗುವುದು. ಇದನ್ನು ಗೋಡೆಯ ಬುಡದಲ್ಲಿ ಸುರಿದು ಆಮೇಲೆ ಬಸಿಯುವುದಕ್ಕೆ ಕಾಲುವೆ ತೋಡುವುದು ಹಾಸ್ಯಾಸ್ಪದ. ಎಷ್ಟೋ ಮನೆಗಳಲ್ಲಿ ಸೂರಿನ ನೀರಿಗೆ ದೋಣಿ ಕಟ್ಟಿ ದೂರ ಸಾಗಿಸಿ, ಅಂಗಳವನ್ನು ಗೋಡೆಯಿಂದ ಆಚೆಗೆ ಇಳಿಜಾರು ಮಾಡಿದರೆ ಅರ್ಧ ಒಸರು ತಾನಾಗಿಯೇ ನಿಲ್ಲುವುದು. ಈ ಅಗ್ಗದ ಕೆಲಸವನ್ನು ಮೊದಲು ಮಾಡಿ ನೋಡತಕ್ಕದ್ದು.

ಹಿಡಿದ ನೀರನ್ನು ಎಲ್ಲಿಗೆ ಬಿಡಬೇಕೆಂಬುದು ಈ ಕೆಲಸದಲ್ಲಿ ಕಲ್ಲುಮಣ್ಣಿಗಿಂತ ಕಠಿಣವಾದ ಪ್ರಶ್ನೆ, ಮತ್ತು ಗ್ರಾಮದ ಮುಖಂಡರ ಗಮನಕ್ಕೆ ಬರಬೇಕಾದುದೂ ಇದೇ. ಬಾಯಿಯಿಲ್ಲದ ಬಸಿಗಾಲುವೆಯು ಮನೆಯ ಪಕ್ಕದಲ್ಲಿ ತೋಡಿದ ಕೆರೆಯಷ್ಟೆ. ಕಾಲುವೆಯ ತಳಕ್ಕಿಂತ ತಗ್ಗಾದ ಸ್ಥಳದಲ್ಲಿ ನೀರು ಬಯಲಿಗೆ ಬೀಳಬೇಕು. ಆ ಸ್ಥಳವು ಅನೇಕ ವೇಳೆ ಮತ್ತೊಬ್ಬರ ಹಿತ್ತಲಿನಲ್ಲೋ ಬೀದಿಯ ಆಚೆಯಲ್ಲೋ ಇರುವುದು. ಇಳಿಜಾರಿನಲ್ಲಿ ಸಾಲಾಗಿ ಹತ್ತು ಮನೆಗಳಿರುವಾಗ ಮೇಲಿನವನು ತನ್ನ ನೆಲಮಾಳಿಗೆಯ ನೀರನ್ನು ಕೊಳವೆಯಲ್ಲಿ ಒಟ್ಟುಗೂಡಿಸಿ ಕೆಳಗಿನವನ ಗೋಡೆಗೆ ತೋರಿಸಿದರೆ, ಮೊದಲು ಹಂಚಿ ಬರುತ್ತಿದ್ದ ನೀರು ಈಗ ಒಂದೇ ಧಾರೆಯಾಗಿ ಅವನ ಮೇಲೆ ಬಿದ್ದಂತಾಯಿತು. ಹಳ್ಳಿಗಳಲ್ಲಿ ವೈರ ಬೆಳೆಯುವುದಕ್ಕೆ ಇಷ್ಟು ಸಾಕು. ಆದ್ದರಿಂದ ಅಗೆಯುವ ಮುಂಚೆಯೇ ಕೆಳಗಿನ ನಿವೇಶನದವರ ಸಮ್ಮತಿಯನ್ನೂ, ಬೀದಿಯನ್ನು ದಾಟಬೇಕಾದಲ್ಲಿ ಗ್ರಾಮ ಪಂಚಾಯಿತಿಯ ಅಥವಾ ಪುರಸಭೆಯ ಅನುಮತಿಯನ್ನೂ ಪಡೆಯತಕ್ಕದ್ದು. ಒಂದು ಬೀದಿಯ ಮನೆಗಳೆಲ್ಲಕ್ಕೂ ಮೇಲ್ಗಡೆ ಒಂದೇ ಬಸಿಗಾಲುವೆಯನ್ನು ಕೂಡಿ ತೋಡಿ, ಒಂದೇ ಬಾಯಿಯಿಂದ ಹಳ್ಳಕ್ಕೆ ಬಿಡುವುದು ಬೇರೆಬೇರೆಯಾಗಿ ತೋಡುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವುದು. ಇದು ಯಜಮಾನರಾದವರು ಮುಂದೆ ನಿಂತ ಹೊರತು ಆಗುವ ಕೆಲಸವಲ್ಲ.

ಬಸಿದ ನೀರನ್ನು ತೆಂಗಿನ ತೋಟಕ್ಕೆ ಹರಿಸುವುದಾದರೆ ಮರದ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ಕುಡಿಯುವ ನೀರಿನ ಬಾವಿಗೆ ಅಥವಾ ತೊಟ್ಟಿಗೆ ಸೇರಿಸಲೇಕೂಡದು. ಕಾಲುವೆಯ ಮೇಲ್ಗಡೆ ತಿಪ್ಪೆಯೋ ಪಾಯಖಾನೆಯ ಗುಂಡಿಯೋ ಇದ್ದರೆ ಅದರ ರಸವೂ ಈ ನೀರಿನಲ್ಲಿ ಬರುವುದು. ತಗ್ಗು ಸ್ಥಳವೇ ಇಲ್ಲದ ಕಡೆ ಇಂಗುಗುಂಡಿ ತೋಡುವರು, ಆದರೆ ಮಳೆ ಹಿಡಿದು ನೆಲವೆಲ್ಲ ನೆನೆದ ಸಮಯದಲ್ಲಿ ಇಂಗುಗುಂಡಿಯೂ ತುಂಬಿಯೇ ಇರುವುದು. ಪಂಪಿನಿಂದ ಎತ್ತಿಹಾಕುವ ಏರ್ಪಾಡು ಕೊನೆಯ ಉಪಾಯ. ಬಿರುಮಳೆಯ ರಾತ್ರಿಯಲ್ಲಿಯೇ ವಿದ್ಯುತ್ತು ಹೋಗುವುದೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ.

ಕೆರೆಯ ಏರಿಯ ಬುಡದಲ್ಲಿ ಜೌಗು ಕಂಡಿತೆಂದು ಖಾಸಗಿಯಾಗಿ ಅಲ್ಲಿ ಕಾಲುವೆ ತೋಡುವುದನ್ನು ಮುಖಂಡರು ಕೂಡಲೆ ತಡೆಯಬೇಕು. ಸರಿಯಾದ ಸೋಸುಪದರವಿಲ್ಲದೆ ಬುಡವನ್ನು ಅಗೆದರೆ ಏರಿಯ ಮಣ್ಣು ನೀರಿನೊಡನೆ ಕೊಚ್ಚಿಬಂದು, ಒಳಗೆ ಬಿಲ ಬಿದ್ದು, ಏರಿಯೇ ಒಡೆಯಬಹುದು. ಅದು ನೀರಾವರಿ ಇಲಾಖೆಯ ಇಂಜಿನಿಯರುಗಳಿಗೆ ಬಿಡಬೇಕಾದ ಕೆಲಸ.

ಬಸಿಗಾಲುವೆಯು ಒಸರಿಗೆ ಮದ್ದೇ ಹೊರತು ಪ್ರವಾಹಕ್ಕಲ್ಲ. ಕುಣಿಗಲಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ತಿಂಗಳಲ್ಲಿ ಹೊರವರ್ತುಲ ರಸ್ತೆಯ ಕಡೆ ನೆಲಮಾಳಿಗೆಗಳು ಮುಳುಗಿದುದು ಮಣ್ಣೊಳಗಿನ ನೀರಿನಿಂದಲ್ಲ. ರಾಜಕಾಲುವೆಗಳು ಉಕ್ಕಿ ಬಾಗಿಲಿನಿಂದಲೇ ನೀರು ಇಳಿದುದರಿಂದ. ಹಳ್ಳದ ದಂಡೆಯಲ್ಲಿ ಮನೆ ಕಟ್ಟಿದವರಿಗೆ ಜಲ್ಲಿ ಕೊಳವೆಗಳಿಂದ ರಕ್ಷಣೆಯನ್ನು ಹೇಳುವುದು ಮೋಸವಾದೀತು. ಹಾಗೆಯೇ ನೆಲದಿಂದ ಮೆಲ್ಲಗೆ ಏರುವ ಥಂಡಿಯನ್ನು ಕಾಲುವೆಯು ಪೂರ್ತಿ ಅಳಿಸಲಾರದು. ಕಾಲುವೆ ಇದ್ದರೂ ರಾಗಿಯ ಮೂಟೆಗಳನ್ನು ಗೋಡೆಗೆ ತಗಲದಂತೆ, ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಇಡುವುದು ಒಳ್ಳೆಯದು.

ಗುರುತನ್ನು ಸ್ವಾತಿ ಮಳೆಯಲ್ಲಿ ಮಾಡಿಕೊಂಡು, ಅಗೆತವನ್ನು ಫಾಲ್ಗುಣ ಚೈತ್ರಗಳ ಒಣದಿನಗಳಲ್ಲಿ, ಕಣದ ಕೆಲಸ ಮುಗಿದು ಆಳುಗಳು ದೊರೆಯುವಾಗ ಇಟ್ಟುಕೊಳ್ಳುವುದು ಅನುಕೂಲ. ಅಗೆತವನ್ನು ಬಾಯಿಯ ಕಡೆಯಿಂದ ಮೇಲಕ್ಕೆ ಸಾಗಿಸಬೇಕು. ನಡುವೆ ಅಕಾಲದ ಮಳೆ ಬಂದರೂ ನೀರು ಹೊರಗೆ ಹೋಗುವುದು. ತಿರುವುಗಳಲ್ಲಿ ಮುಚ್ಚಳವುಳ್ಳ ಸಣ್ಣ ತೊಟ್ಟಿಗಳನ್ನು ಕಟ್ಟಿದರೆ ಮುಂದೆ ಹೂಳು ತೆಗೆಯುವುದಕ್ಕೆ ದಾರಿಯಾಗುವುದು. ಬಾಯಿಗೆ ತಂತಿಯ ಜಾಲರಿ ಇಡದಿದ್ದರೆ ಇಲಿ ಹೆಗ್ಗಣಗಳು ಒಳಸೇರುವುವು. ಮೊದಲ ಮುಂಗಾರಿನಲ್ಲಿ ಬಾಯಿಯಿಂದ ಬರುವ ನೀರು ಕೆಂಪಾಗಿರುವುದು ಸಹಜ. ಎರಡು ಮೂರು ಮಳೆಗಳಾದ ಮೇಲೆ ತಿಳಿಯಾಗಬೇಕು. ಆಮೇಲೆಯೂ ಕೆಂಪಗೆ ಬರುತ್ತಿದ್ದರೆ ಸೋಸುಪದರ ಎಲ್ಲಿಯೋ ಹರಿದು ಮನೆಯ ಸುತ್ತಿನ ಮಣ್ಣೇ ಹೊರಟುಹೋಗುತ್ತಿದೆಯೆಂದು ತಿಳಿದು, ಹಿಂಗಾರು ಬರುವುದರೊಳಗಾಗಿ ತೊಟ್ಟಿಯಿಂದ ತೊಟ್ಟಿಗೆ ಪರೀಕ್ಷಿಸುತ್ತ ಆ ಸ್ಥಳವನ್ನು ಅಗೆದು ಸರಿಪಡಿಸತಕ್ಕದ್ದು.